ಕಥೆ ಗೊತ್ತಿದ್ದು ಬಂದ ಪ್ರೇಕ್ಷಕರು



ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಒಂದು ಪ್ರಶ್ನೆ ಕೇಳಿದನು: "ಸರ್, ಪೇಪರದಾಗ ಬೈದು ಬರದ ಸಿನಿಮಾ ನಮಗ್ಯಾಕ ಅಷ್ಟ ಸೇರತೈತಿ? ತಪ್ಪು ನಮ್ಮದೋ, ಬರದವರದೋ?" ಆತ ಕೇಳಿದ್ದು 'ಮಾರ್ಟಲ್ ಕಾಂಬ್ಯಾಟ್' ಎಂಬ ಇಂಗ್ಲಿಷ್ ಚಿತ್ರದ ವಿಷಯವಾಗಿ. ಕೇಬಲ್ ಟಿವಿ ನಮ್ಮ ಕಡೆಯ ಊರುಗಳಿಗೆ ಬಂದ ಕಾಲದಲ್ಲಿ ಶಾಲೆಯ ಹುಡುಗರು ಅದನ್ನು ನೋಡಿ ಬಂದು, ಬಯಲಿನಲ್ಲಿ ಕಾಲು ಬೀಸಿ ಒಬ್ಬರನ್ನೊಬ್ಬರು ಕೆಡವುತ್ತಿದ್ದುದು ನನಗೂ ನೆನಪಿದೆ. ಇತಿಹಾಸದ ಮೇಷ್ಟರಿಗೆ ಇದು ಸಂಬಂಧವಿಲ್ಲದ ಪ್ರಶ್ನೆಯೆಂದು ಮೊದಲು ಅನ್ನಿಸಿತು. ಯೋಚಿಸುತ್ತ ಹೋದಂತೆ ಅದು ನೇರವಾಗಿ ನಮ್ಮ ಕಿತ್ತೂರು ಸೀಮೆಗೇ ಬಂದು ನಿಂತಿತು. ಆದ್ದರಿಂದ ಉತ್ತರವನ್ನು ಅವನೊಬ್ಬನಿಗೆ ಬರೆಯದೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಚಿತ್ರದ ಸಂಗತಿ. 1992ರಲ್ಲಿ ಅಮೆರಿಕದ ಮಿಡ್‌ವೇ ಎಂಬ ಕಂಪನಿಯು ಇದೇ ಹೆಸರಿನ ವಿಡಿಯೊ ಗೇಮ್ ಒಂದನ್ನು ಹೊರತಂದಿತು. ಅದರಲ್ಲಿ ಕಥೆಯೆಂಬುದು ಅತ್ಯಲ್ಪ. ಇಬ್ಬರು ಎದುರುಬದುರು ನಿಲ್ಲಬೇಕು, ಹೊಡೆದಾಡಬೇಕು, ಒಬ್ಬ ಬೀಳಬೇಕು. ಪ್ರತಿಯೊಬ್ಬ ಹೋರಾಟಗಾರನಿಗೂ ಅವನದೇ ಆದ ವೇಷ, ಅವನದೇ ಆದ ಪಟ್ಟು. ಗುಂಡಿಗಳನ್ನು ಒತ್ತಿ ಒತ್ತಿ ಈ ಪಟ್ಟುಗಳನ್ನು ಮಕ್ಕಳು ಬಾಯಿಪಾಠ ಮಾಡಿದ್ದರು. ಇದನ್ನು ಪಾಲ್ ಆಂಡರ್ಸನ್ ಎಂಬ ತರುಣ ನಿರ್ದೇಶಕ 1995ರಲ್ಲಿ ಚಲನಚಿತ್ರವಾಗಿಸಿದನು. ಆಗ ಅಂಥ ಚಿತ್ರಗಳ ಬಗ್ಗೆ ಯಾರಿಗೂ ಭರವಸೆ ಇರಲಿಲ್ಲ. 1993ರ 'ಸೂಪರ್ ಮಾರಿಯೊ ಬ್ರದರ್ಸ್' ನೆಲಕಚ್ಚಿತ್ತು. 1994ರ 'ಸ್ಟ್ರೀಟ್ ಫೈಟರ್' ಹಣ ಮಾಡಿದರೂ ವಿಮರ್ಶಕರಿಂದ ಬೈಗುಳವನ್ನೇ ತಿಂದಿತ್ತು.

'ಮಾರ್ಟಲ್ ಕಾಂಬ್ಯಾಟ್' ತೆರೆಗೆ ಬಂದಾಗ ವಿಮರ್ಶಕರು ಒಂದಾಗಲಿಲ್ಲ. ಅಮೆರಿಕದ ದೂರದರ್ಶನದಲ್ಲಿ ಜೋಡಿಯಾಗಿ ಚಿತ್ರವಿಮರ್ಶೆ ಮಾಡುತ್ತಿದ್ದ ಸಿಸ್ಕೆಲ್ ಮತ್ತು ಈಬರ್ಟ್ ಎಂಬ ಪ್ರಸಿದ್ಧರಲ್ಲಿಯೂ ಮೊದಲಿನವನು ಒಪ್ಪಿದ, ಎರಡನೆಯವನು ಒಪ್ಪಲಿಲ್ಲ. ಕಥೆ ತೆಳು, ಮಾತು ಸಪ್ಪೆ, ಪಾತ್ರಗಳಿಗೆ ಒಳಬಾಳಿಲ್ಲ ಎಂಬುದು ಒಪ್ಪದವರ ಸಾಮಾನ್ಯ ದೂರು. ಪ್ರೇಕ್ಷಕರು ಮಾತ್ರ ಮೂರು ವಾರ ಅದನ್ನು ಅಮೆರಿಕದ ಗಳಿಕೆಯಲ್ಲಿ ಮೊದಲ ಸ್ಥಾನದಲ್ಲಿ ಇಟ್ಟರು. ಜಗತ್ತಿನಾದ್ಯಂತ ಗಳಿಕೆ ಸುಮಾರು 12 ಕೋಟಿ ಡಾಲರು.

ಇಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು. ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಚಿತ್ರವನ್ನು ಕೆಲವರಿಗೆ ತೋರಿಸಿದಾಗ ಹೊಡೆದಾಟ ಸಾಲದೆಂದು ನೋಡಿದವರು ಹೇಳಿದರಂತೆ. ನಿರ್ಮಾಪಕರು ಮತ್ತೆ ಕ್ಯಾಮೆರಾ ಹೂಡಿ ಕಾಳಗದ ದೃಶ್ಯಗಳನ್ನು ಸೇರಿಸಿದರು. ನಾಯಕ ಪಾತ್ರದ ರಾಬಿನ್ ಶೌ ಹಾಂಗ್‌ಕಾಂಗಿನ ಚಿತ್ರಗಳಲ್ಲಿ ಪಳಗಿದವನು. ಹೊಡೆದಾಟಗಳ ಸಂಯೋಜನೆಯಲ್ಲಿ ಅವನ ಕೈಯೂ ಇತ್ತು. ಎಂದರೆ ವಿಮರ್ಶಕನು ಬರೆಯುವ ಮುನ್ನವೇ ಪ್ರೇಕ್ಷಕನು ಚಿತ್ರವನ್ನು ತಿದ್ದಿಯಾಗಿತ್ತು.

ಹಾಗೆಂದು ಆ ಪ್ರೇಕ್ಷಕನು ಕೊಟ್ಟದ್ದನ್ನೆಲ್ಲ ಉಂಡು ಹೋಗುವ ಭೋಳೆಯಲ್ಲ. 1997ರಲ್ಲಿ ಇದರ ಎರಡನೆಯ ಭಾಗ ಬಂದಾಗ, ಗೇಮಿನ ಪಾತ್ರಗಳನ್ನು ಸಂತೆಯಂತೆ ತುಂಬಿಸಿದ್ದರೂ, ವಿಮರ್ಶಕರ ಜೊತೆಗೆ ಅಭಿಮಾನಿಗಳೂ ತಿರಸ್ಕರಿಸಿದರು. ಗಳಿಕೆ ಮೊದಲಿನದರ ಅರ್ಧಕ್ಕೂ ಮುಟ್ಟಲಿಲ್ಲ. 2021ರಲ್ಲಿ ಹೊಸದಾಗಿ ಮಾಡಿದ ಚಿತ್ರದಲ್ಲಿ, 1995ರದರಲ್ಲಿ ಬಿಟ್ಟಿದ್ದ ರಕ್ತಪಾತವನ್ನೆಲ್ಲ ಗೇಮಿನಲ್ಲಿದ್ದಂತೆಯೇ ತೋರಿಸಿದರು. ಆದರೆ ಗೇಮಿನ ಪ್ರಾಣವಾದ ಪಂದ್ಯಾವಳಿಯೇ ಅದರಲ್ಲಿ ನಡೆಯುವುದಿಲ್ಲ. 'ಕುಸ್ತಿ ಇಲ್ಲದ ಜಾತ್ರಿ' ಎಂದು ನನ್ನ ವಿದ್ಯಾರ್ಥಿ ಅದನ್ನು ವರ್ಣಿಸಿದ.

ಇದರಿಂದ ನನಗೆ ಹೊಳೆದದ್ದಿಷ್ಟು. ವಿಮರ್ಶಕನು ಬರಿಗೈಯಲ್ಲಿ ಚಿತ್ರಮಂದಿರಕ್ಕೆ ಹೋಗುತ್ತಾನೆ. ಇದು ಚಿತ್ರವಾಗಿ ಹೇಗಿದೆ ಎಂಬುದು ಅವನ ಪ್ರಶ್ನೆ. ಗೇಮ್ ಆಡಿದ ಹುಡುಗ ಕಥೆಯನ್ನು, ಪಟ್ಟುಗಳನ್ನು, ವೇಷಗಳನ್ನು ಮೊದಲೇ ತಲೆಯಲ್ಲಿಟ್ಟುಕೊಂಡು ಹೋಗುತ್ತಾನೆ. ನಮ್ಮದನ್ನು ನಮಗೆ ಸರಿಯಾಗಿ ತಂದುಕೊಟ್ಟರೋ ಇಲ್ಲವೋ ಎಂಬುದು ಅವನ ಪ್ರಶ್ನೆ. ಇಬ್ಬರೂ ಒಂದೇ ಪರದೆಯನ್ನು ನೋಡುತ್ತಿದ್ದರೂ ಕೈಯಲ್ಲಿರುವ ತಕ್ಕಡಿಗಳು ಬೇರೆ.

ಈ ಎರಡನೆಯ ಬಗೆಯ ಪ್ರೇಕ್ಷಕನು ವಿಡಿಯೊ ಗೇಮಿನ ಜೊತೆ ಹುಟ್ಟಿದವನಲ್ಲ. ಮುರಗೋಡ, ಬೈಲಹೊಂಗಲ, ಸಂಗೊಳ್ಳಿ, ಕಿತ್ತೂರುಗಳ ಜನಕ್ಕೆ ಅವನು ಬಹು ಹಳೆಯ ಪರಿಚಯ. ನಮ್ಮಲ್ಲಿ ಅವನ ಕೈಯಲ್ಲಿದ್ದುದು ಲಾವಣಿ.

ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಜನ ಅವನನ್ನು ಹಾಡಲು ಹೆಚ್ಚು ಕಾಲ ಕಾಯಲಿಲ್ಲ. ಮುಂಬಯಿ ಸರಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ, ರಾಯಣ್ಣನ ಲಾವಣಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ ಗಲ್ಲಿಗೇರಿದವನ ಹಾಡನ್ನು ಕಾಪಿಟ್ಟದ್ದು ಇತಿಹಾಸದ ವಿಚಿತ್ರಗಳಲ್ಲಿ ಒಂದು. ಇರಲಿ.

ನಾನು ಹುಡುಗನಾಗಿದ್ದಾಗ ಜಾತ್ರೆಗಳಲ್ಲಿ ಗೀಗೀ ಮೇಳಗಳು ಹರದೇಶಿ–ನಾಗೇಶಿ ಎಂದು ಎರಡು ಪಕ್ಷವಾಗಿ ರಾತ್ರಿಯೆಲ್ಲ ವಾದಕ್ಕೆ ನಿಲ್ಲುತ್ತಿದ್ದವು. ದಪ್ಪು, ತುಂತುಣಿ, ತಾಳ ಇಷ್ಟೇ ವಾದ್ಯ. (ಅದೂ ಒಂದು ಕಾಳಗವೇ, ಸವಾಲಿಗೆ ಜವಾಬು ಬಾರದಿದ್ದರೆ ಸೋಲು.) ಕೇಳಲು ಕೂತವರಿಗೆ ರಾಯಣ್ಣನ ಕಥೆ ಹೊಸದಲ್ಲ. ಎಲ್ಲಿ ದಾಳಿ, ಎಲ್ಲಿ ಮೋಸ, ಹಳ್ಳದಲ್ಲಿ ಹೇಗೆ ಹಿಡಿದರು, ಎಲ್ಲವೂ ಗೊತ್ತು. ಹಾಡುವವನು ಒಂದು ಊರಿನ ಹೆಸರು ಬಿಟ್ಟರೆ ಹಿಂದಿನ ಸಾಲಿನಿಂದ ಮುದುಕನೊಬ್ಬ ಕೂಗಿ ನೆನಪಿಸುತ್ತಿದ್ದ. ಅಂಥ ಶ್ರೋತೃವಿಗಿಂತ ಕಠಿಣ ವಿಮರ್ಶಕನನ್ನು ನಾನು ಯಾವ ಪತ್ರಿಕೆಯಲ್ಲೂ ಕಂಡಿಲ್ಲ.

ಈ ಜನರ ಮುಂದೆ 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂದಿತು. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜ ದೊರೆಯಾಗಿ ಅಭಿನಯಿಸಿದ ಚಿತ್ರ. ರಾಜ್ಯ ಒಂದಾಗಿ ಐದೇ ವರ್ಷ ಕಳೆದಿತ್ತು. 1956ರವರೆಗೆ ನಾವು ಮುಂಬಯಿಯವರು, ಅವರು ಮೈಸೂರಿನವರು. ಹಳೆ ಮೈಸೂರಿನ ಎಷ್ಟೋ ಜನರಿಗೆ ಚೆನ್ನಮ್ಮನ ಕಥೆ ಹತ್ತಿರವಾದದ್ದು ಈ ಚಿತ್ರದಿಂದಲೇ ಎಂದು ಆ ಕಡೆಯ ನನ್ನ ಸಹೋದ್ಯೋಗಿಗಳು ಹೇಳುತ್ತಿದ್ದರು. ಚಿತ್ರಕ್ಕೆ ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಬಂದಿತು. ಎಂದರೆ ಬಲ್ಲವರ ಮನ್ನಣೆಗೆ ಕೊರತೆಯಾಗಲಿಲ್ಲ.

ನಾನು ಅದನ್ನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಜಾತ್ರೆಗೆ ಬಂದ ಟೂರಿಂಗ್ ಟಾಕೀಸಿನ ತಂಬುವಿನಲ್ಲಿ, ನೆಲಕ್ಕೆ ಕೂತು. ಸುತ್ತ ಕುಳಿತ ಹೆಣ್ಣುಮಕ್ಕಳು ರಾಣಿ ತೆರೆಗೆ ಬಂದೊಡನೆ ಕೈಮುಗಿದರು. ಅದೇ ಜನ ಮರುದಿನ ಕಟ್ಟೆಯ ಮೇಲೆ ಕೂತು ತಪ್ಪು ಹುಡುಕಿದ್ದನ್ನೂ ಕೇಳಿದ್ದೇನೆ. ರಾಣಿಯ ಮಾತು ನಮ್ಮ ಕಡೆಯದಲ್ಲ, ಪುಸ್ತಕದ ಮಾತು ಎಂಬುದು ಮುಖ್ಯ ಆಕ್ಷೇಪ. ಕಿತ್ತೂರಿನ ಅರಮನೆಯಲ್ಲಿ 'ಹೌದ್ರಿ' ಎನ್ನುವವರು ಒಬ್ಬರೂ ಇಲ್ಲವಲ್ಲ ಎಂದು ನಗುತ್ತಿದ್ದರು. ಈ ಆಕ್ಷೇಪವನ್ನು ಯಾವ ವಿಮರ್ಶಕರಾದರೂ ಎತ್ತಿದ್ದನ್ನು ನಾನು ಓದಿಲ್ಲ. ಕೈಮುಗಿಯುವುದು, ತಪ್ಪು ಹುಡುಕುವುದು ಎರಡೂ ಒಂದೇ ಮನಸ್ಸಿನಿಂದ ಬಂದವು, ಇವಳು ನಮ್ಮವಳು ಎಂಬುದರಿಂದ.

ಆದರೆ ಮೇಷ್ಟರ ತಕ್ಕಡಿ ಮೂರನೆಯದು. ಅದರಲ್ಲಿ ತೂಗಿದರೆ ಈ ಚಿತ್ರದ ಅತ್ಯಂತ ಜನಪ್ರಿಯ ದೃಶ್ಯವೇ ತೊಡಕಾಗುತ್ತದೆ. ಕಪ್ಪ ಏಕೆ ಕೊಡಬೇಕೆಂದು ರಾಣಿ ಆಂಗ್ಲ ಅಧಿಕಾರಿಯನ್ನು ಪ್ರಶ್ನಿಸುವ ಆ ದೃಶ್ಯ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಎಷ್ಟೋ ಹುಡುಗಿಯರು ಶಾಲೆಯ ಸಮ್ಮೇಳನದಲ್ಲಿ ಕಚ್ಚೆ ಹಾಕಿ, ಕಟ್ಟಿಗೆಯ ಕತ್ತಿ ಹಿಡಿದು ಅದನ್ನು ಅಭಿನಯಿಸಿದವರು. ಪಂತುಲು ಅವರು ಎರಡೇ ವರ್ಷ ಹಿಂದೆ, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದ್ದರು. ಅದರಲ್ಲಿ ಶಿವಾಜಿ ಗಣೇಶನ್ ಇದೇ ಪ್ರಶ್ನೆಯನ್ನು ಕಂಪನಿಯ ಅಧಿಕಾರಿಗೆ ಹಾಕುತ್ತಾರೆ. ತಮಿಳುನಾಡಿನ ಮಕ್ಕಳಿಗೂ ಆ ಸಂಭಾಷಣೆ ಬಾಯಿಪಾಠ. ಎರಡನ್ನೂ ನೋಡಿದವರಿಗೆ ಹೋಲಿಕೆ ಕಾಣದೆ ಇರದು. ಕಟ್ಟಬೊಮ್ಮನಿಗೂ ಕಂಪನಿಗೂ ನಡೆದ ಜಗಳ ನಿಜಕ್ಕೂ ಕಪ್ಪದ ಬಾಕಿಯದು. ಕಿತ್ತೂರಿನದು ಹಾಗಲ್ಲ.

ಪೇಶ್ವೆಗಳು ಬಿದ್ದ 1818ರ ನಂತರ ಕಿತ್ತೂರು ಸಂಸ್ಥಾನವು ಕಂಪನಿಗೆ ವರ್ಷವರ್ಷ ಕಪ್ಪ ಕೊಡುತ್ತಲೇ ಇತ್ತು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ದತ್ತಕವನ್ನು ಒಪ್ಪದೆ, ಕಿತ್ತೂರಿನ ಖಜಾನೆಗೆ ತನ್ನ ಪಹರೆ ಹಾಕಿಸಿದನು. ಜಗಳ ಹತ್ತಿದ್ದು ಇಲ್ಲಿ. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಸತ್ತನು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಸೆರೆಯಾದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು.

ನಿಮ್ಮ ಉತ್ತರಪತ್ರಿಕೆಗಳಲ್ಲಿ ವರ್ಷವರ್ಷವೂ ನಾನು ಓದುತ್ತಿದ್ದುದು ಒಂದೇ ವಾಕ್ಯ: ಕಪ್ಪ ಕೊಡಲು ನಿರಾಕರಿಸಿದ್ದರಿಂದ ಯುದ್ಧವಾಯಿತು. ಪಾಠಪುಸ್ತಕದಲ್ಲಿ ದತ್ತಕ ಎಂದಿತ್ತು, ನಾನು ಪಾಠ ಮಾಡುವಾಗ ದತ್ತಕ ಎಂದಿದ್ದೆ, ಬರೆಯುವಾಗ ನಿಮ್ಮ ಕೈ ಸಿನಿಮಾದ ಮಾತನ್ನು ಬರೆಯುತ್ತಿತ್ತು. ದತ್ತಕ, ಖಜಾನೆಯ ಪಹರೆ ಇವು ವಕೀಲರ ಭಾಷೆ. ಕಪ್ಪ ಎಂಬುದು ಎದೆಗೆ ತಾಗುವ ಮಾತು. ಪ್ರೇಕ್ಷಕನ ತಕ್ಕಡಿಯಲ್ಲಿ ಗೆದ್ದದ್ದು ಪರೀಕ್ಷೆಯ ಹಾಳೆಯಲ್ಲಿಯೂ ಗೆಲ್ಲುತ್ತದೆ. ಆದುದರಿಂದ ಚಿತ್ರವನ್ನು ಜನ ಮೆಚ್ಚಿದರೋ ಇಲ್ಲವೋ ಎಂಬುದು ಕೇವಲ ಟಿಕೆಟ್ಟಿನ ಲೆಕ್ಕವಲ್ಲ ಎಂದು ನಾನು ತಿಳಿಯುತ್ತೇನೆ. ಆ ಚಿತ್ರವನ್ನು ನಾನೂ ಪ್ರೀತಿಸುತ್ತೇನೆ. ಅಕ್ಕಮಹಾದೇವಿಯ ವಚನವನ್ನು ಪಿ. ಸುಶೀಲಾ ಅದರಲ್ಲಿ ಹಾಡಿದ ರೀತಿಗೆ ಸಾಟಿಯಿಲ್ಲ. ಆದರೂ ಕೆಂಪು ಶಾಯಿಯಿಂದ 'ದತ್ತಕ?' ಎಂದು ಅಂಚಿನಲ್ಲಿ ಬರೆಯುವುದನ್ನು ನಿವೃತ್ತಿಯವರೆಗೂ ಬಿಡಲಿಲ್ಲ.

ಐವತ್ತೊಂದು ವರ್ಷಗಳ ನಂತರ, 2012ರ ನವೆಂಬರ್ 1ರಂದು, 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಂದಿತು. ನಾಗಣ್ಣ ಅವರ ನಿರ್ದೇಶನ, ಕೇಶವಾದಿತ್ಯ ಅವರ ಬರವಣಿಗೆ. ದರ್ಶನ್ ರಾಯಣ್ಣ, ಜಯಪ್ರದಾ ಚೆನ್ನಮ್ಮ. ಆ ವಾರ ನಮ್ಮ ಸೀಮೆಯ ಸಂಭ್ರಮವನ್ನು ಕಂಡವರಿಗೆ ವರ್ಣನೆ ಬೇಡ. ಹಳ್ಳಿಗಳಿಂದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಜನ ಬಂದರು. ಸಿನಿಮಾಕ್ಕೆ ಎಂದೂ ಬಾರದ ಮುದುಕರು ಹೊಸ ಧೋತರ ಉಟ್ಟು ಬಂದರು. ಪರದೆಯ ಮುಂದೆ ಕಾಯಿ ಒಡೆದರು. ಬೆಂಗಳೂರಿನ ಪತ್ರಿಕೆಗಳ ಬರಹಗಳಲ್ಲಿ ಚಿತ್ರದ ಗಾತ್ರಕ್ಕೆ, ನಾಯಕನ ಅಭಿನಯಕ್ಕೆ ಹೊಗಳಿಕೆ ಇತ್ತು. ಉದ್ದವಾಯಿತೆಂಬ ಗೊಣಗೂ ಕೇಳಿಸಿತು. ಆ ವರ್ಷದ ರಾಜ್ಯ ಪ್ರಶಸ್ತಿಯಲ್ಲಿ ದರ್ಶನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು.

ಉದ್ದವಾಯಿತೆಂಬ ದೂರು ನಮ್ಮ ಕಡೆಯ ಒಬ್ಬರಿಂದಲೂ ನಾನು ಕೇಳಲಿಲ್ಲ. ಬೆಳತನಕ ಗೀಗೀ ಕೇಳುವವರಿಗೆ ಮೂರು ತಾಸು ಯಾವ ಲೆಕ್ಕ? ನಮ್ಮವರ ದೂರು ಬೇರೆಯೇ ಆಗಿತ್ತು. ನನ್ನೊಡನೆ ಚಿತ್ರ ನೋಡಿದ ಹಿರಿಯ ಪೈಲವಾನರೊಬ್ಬರು ಹೊರಗೆ ಬಂದು ಚಹಾ ಕುಡಿಯುತ್ತ ಕೇಳಿದರು: "ಸರ್, ಕಾಲು ನೆಲಾ ಬಿಟ್ಟಮ್ಯಾಲ ಹೊಡತಕ್ಕ ಜೋರ ಎಲ್ಲಿಂದ ಬರತೈತ್ರಿ?" ಇಂದಿನ ಚಿತ್ರಗಳಲ್ಲಿ ವೀರರು ಹಗ್ಗದ ಬಲದಿಂದ ಗಾಳಿಯಲ್ಲಿ ಹಾರಿ ಹೊಡೆಯುತ್ತಾರೆ, ಚೀನಾದಿಂದ ಹಾಲಿವುಡ್ಡಿಗೆ, ಅಲ್ಲಿಂದ ನಮ್ಮಲ್ಲಿಗೆ ಬಂದ ಪದ್ಧತಿ ಅದು. ಗರಡಿಯ ಮಣ್ಣಿನಲ್ಲಿ ಸಾಮು ಮಾಡಿದವನಿಗೆ ಬಲವೆಂಬುದು ಹಿಮ್ಮಡಿಯಿಂದ ಮೇಲೇರುವ ವಸ್ತು. ರಾಯಣ್ಣನೂ ಗರಡಿಯ ಹುಡುಗನೇ. ಪೈಲವಾನರ ಪ್ರಶ್ನೆ, ನನ್ನ ವಿದ್ಯಾರ್ಥಿ ತನ್ನ ಗೇಮಿನ ಪಟ್ಟು ಚಿತ್ರದಲ್ಲಿ ಸರಿಯಾಗಿ ಬಂದಿಲ್ಲವೆಂದು ತೆಗೆಯುವ ತಕರಾರು, ಎರಡೂ ಒಂದೇ ಜಾತಿಯವು. ಬಲ್ಲವನ ತಕರಾರುಗಳು. ಇಷ್ಟಾಗಿಯೂ ಅದೇ ಪೈಲವಾನರು ಮರುವಾರ ಮೊಮ್ಮಕ್ಕಳನ್ನು ಕರೆದುಕೊಂಡು ಮತ್ತೊಮ್ಮೆ ಆ ಚಿತ್ರಕ್ಕೆ ಹೋದರು.

ನನ್ನ ಸ್ವಂತ ತಕರಾರು ಇನ್ನೊಂದು. 'ಮಾರ್ಟಲ್ ಕಾಂಬ್ಯಾಟ್' ಮಾಡಿದವರ ಕೈಯಲ್ಲಿ ಬರೀ ದ್ವಂದ್ವಯುದ್ಧಗಳಿದ್ದವು, ಅವರು ಕಥೆ ಹುಡುಕಬೇಕಾಯಿತು. ರಾಯಣ್ಣನ ಚಿತ್ರ ಮಾಡುವವರ ಕೈಯಲ್ಲಿ ಕಥೆ ತುಂಬಿ ತುಳುಕುತ್ತದೆ, ಅವರು ದ್ವಂದ್ವಯುದ್ಧ ಹುಡುಕಬೇಕಾಗುತ್ತದೆ. ಏಕೆಂದರೆ ರಾಯಣ್ಣ 1830ರಲ್ಲಿ ನಡೆಸಿದ್ದು ಕಣದಲ್ಲಿ ಎದುರುಬದುರು ನಿಂತು ಆಡುವ ಕಾಳಗವನ್ನಲ್ಲ. ರಾತ್ರಿ ಬಂದು ಹೊಡೆದು ಕಾಡು ಸೇರುವ ಯುದ್ಧ ಅದು. ಬೀಡಿಯಲ್ಲಿ ಕಂಪನಿಯ ಕಚೇರಿಗೆ ಬೆಂಕಿ ಇಟ್ಟನು. ನಂದಗಡ, ಖಾನಾಪುರ, ಸಂಪಗಾವಿಯ ಸುತ್ತೆಲ್ಲ ಸರಕಾರದ ನಿದ್ದೆ ಕೆಡಿಸಿದನು. ಖಜಾನೆ ದೋಚಿದನು. ಉಂಬಳಿಯ ಭೂಮಿಗಳನ್ನು ಕಂಪನಿ ಕಿತ್ತುಕೊಂಡಿತ್ತು, ಉಳಿದುದಕ್ಕೆ ಕಂದಾಯ ಏರಿಸಿತ್ತು. ಅವನ ಸ್ವಂತ ಹೊಲಕ್ಕೂ ಅದೇ ಗತಿಯಾಗಿತ್ತು. ಆ ಕಿತ್ತುಕೊಂಡದ್ದರ ಲೆಕ್ಕವೆಲ್ಲ ಇದ್ದುದು ಕಚೇರಿಯ ಕಾಗದಗಳಲ್ಲಿ. ಕೊನೆಗೆ ಅವನನ್ನು ಯುದ್ಧದಲ್ಲಿ ಸೋಲಿಸಲಾಗದೆ, ನಂಬಿದವರ ಕೈಯಿಂದಲೇ ಹಿಡಿಸಿದರು. ಲಾವಣಿಕಾರನು ಇದನ್ನು ಮರೆತಿಲ್ಲ. ಆದರೆ ಸಿನಿಮಾ ಮಂದಿರದಲ್ಲಿ ಸೀಟಿ ಬೀಳುವುದು ಕತ್ತಿ ಬೀಸಿದಾಗ. ದಫ್ತರ ಸುಟ್ಟಾಗ ಅಲ್ಲ. ಹಾಗಾಗಿ ಚಿತ್ರ ತೆಗೆಯುವವರು ಕತ್ತಿಗೆ ಹೆಚ್ಚು ಹೊತ್ತು ಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಆ ನವೆಂಬರಿನಲ್ಲಿ ಹತ್ತನೆಯ ವರ್ಗದಲ್ಲಿ ಪಾಠ ಬದಿಗಿಟ್ಟು ಸಿನಿಮಾದ ಮಾತೇ ಆಡಿದೆವು. ಯಾವ ದೃಶ್ಯ ಸೇರಿತೆಂದರೆ ಹುಡುಗರೆಲ್ಲ ಕತ್ತಿವರಸೆಯನ್ನೇ ಹೇಳಿದರು. ಬೀಡಿಯ ಕಚೇರಿಯ ಸಂಗತಿಯನ್ನು ನಾನು ಹೇಳಿ, ರಾಯಣ್ಣ ಅಲ್ಲಿ ಸುಟ್ಟಿದ್ದೇನೆಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಿಂದ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, "ಉತಾರ ಸುಟ್ಟಿರಬೇಕ್ರಿ ಸರ್" ಎಂದಳು. ಅವಳ ತಂದೆ ಅದೇ ವಾರ ಸಾಲಕ್ಕಾಗಿ ಹೊಲದ ಉತಾರ ತೆಗೆಸಲು ಮೂರು ಸಲ ತಿರುಗಾಡಿ ಬಂದಿದ್ದನಂತೆ. ವರ್ಗವೆಲ್ಲ ನಕ್ಕಿತು. ಅವಳು ನಗಲಿಲ್ಲ, ಕೂರಲೂ ಇಲ್ಲ. "ಅದನ್ನ ಸುಟ್ಟಮ್ಯಾಲ ಯಾರ ಹೊಲ ಯಾರದಂತ ಹೆಂಗ ಗೊತ್ತಾಗಬೇಕ್ರಿ?" ಎಂದು ಕೇಳಿದಳು. ಗಂಟೆ ಹೊಡೆಯಿತು. ಮರುದಿನದ ತಾಸು ಪೂರ್ತಿ ಆ ಪ್ರಶ್ನೆಗೇ ಹೋಯಿತು.